ಕೆಂಚರಾಯನ ಸೂತಕ

ಶಿರಾ ಗೇಟಿನ ಮೋಟಾರು ವೈಂಡಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಕಾಂತೇಶ ಒಂದು ಸೀಮೆಯನ್ನೇ ಕಟ್ಟಿದ್ದ. ಸೀಮೆಯ ಹೆಸರು ಏಳ್ಕೆರೆ. ಅದು ಇದ್ದದ್ದು ಕಂಪ್ಯೂಟರಿನಲ್ಲಿ ಆಡುವ ಆಟವೊಂದರ ಒಳಗೆ. ಅಲ್ಲಿ ಮಂತ್ರವಾದಿಗಳಿದ್ದರು, ಬಾಯಲ್ಲಿ ಕೆಂಡ ಇಟ್ಟುಕೊಂಡ ತೋಳಗಳಿದ್ದವು, ಮೇಲೆ ಕರಿಕಲ್ಲು ಗುಡ್ಡದಲ್ಲಿ ಹೊಗೆಯೇ ಮೈಯಾದ ಹೊಗೆಮಲ್ಲನೆಂಬ ರಾಕ್ಷಸನಿದ್ದ. ಆಟ ಆಡುವವರು ಕೆಂಚರಾಯನೆಂಬ ವೀರನಾಗಿ ಊರೂರು ತಿರುಗಬೇಕು, ಕತ್ತಿ ಸಂಪಾದಿಸಬೇಕು, ಹೊಗೆಮಲ್ಲನನ್ನು ಕೊಲ್ಲಬೇಕು. ಆಮೇಲೆ ಅದೇ ಗುಡ್ಡದ ಮೇಲಿರುವ ಏಳ್ಕೆರೆಯಮ್ಮನ ಗುಡಿಗೆ ಹೋಗಿ ಅಲ್ಲಿಟ್ಟಿರುವ ಕಿರೀಟವನ್ನು ಎತ್ತಿಕೊಂಡರೆ ಮೊದಲನೇ ಭಾಗ ಮುಗಿಯಿತು.

ಕಂಪನಿ ಗುಬ್ಬಿಯ ಗುರುಪ್ರಕಾಶನದು. ಚಿತ್ರ ಬರೆಯುವವಳು ಅಕ್ಷತಾ, ಆ ಚಿತ್ರಗಳು ನಡೆದಾಡುವಂತೆ ಮಾಡುವವನು ಚನ್ನೇಶ. ಹೆಸರಿಡುವುದು, ಮಾತು ಬರೆಯುವುದು, ಯಾರು ಎಲ್ಲಿಯವರು, ಯಾಕೆ ಹಾಗಿದ್ದಾರೆ ಎಂದು ಹೇಳುವುದು ಕಾಂತೇಶನ ಪಾಲಿನ ಕೆಲಸ. ಮೊದಲು ಅವನು ಪತ್ರಿಕೆಯೊಂದಕ್ಕೆ ನಿಟ್ಟೂರು ಕಡೆಯ ಸುದ್ದಿ ಬರೆಯುತ್ತಿದ್ದ. ಟ್ರಾನ್ಸ್‌ಫಾರ್ಮರ್ ಸುಟ್ಟದ್ದು, ಡೇರಿ ಸಂಘದ ಚುನಾವಣೆಯಲ್ಲಿ ಕುರ್ಚಿ ಮುರಿದದ್ದು ಇಂಥವನ್ನು ಬರೆದು ಪಳಗಿದ ಕೈಗೆ ರಾಕ್ಷಸರು ಹೊಸಬರಾಗಿ ಕಾಣಲಿಲ್ಲ.

ಶುರುವಿನಲ್ಲಿ ಹೆಸರುಗಳಿಗೇ ಜಗಳವಾಗಿತ್ತು. ಗುರುಪ್ರಕಾಶನಿಗೆ ಎಲ್ಲವೂ ಗಂಭೀರವಾಗಿರಬೇಕು. ಮಂತ್ರ ಹಾಕುವ ಶಕ್ತಿ ಎಷ್ಟು ಉಳಿದಿದೆ ಎಂದು ಪರದೆಯ ಮೂಲೆಯಲ್ಲಿ ತೋರಿಸುವ ಪಟ್ಟಿಗೆ ಅವನು ‘ಮಾಂತ್ರಿಕ ಊರ್ಜಾಂಶ’ ಎಂದು ಹೆಸರಿಟ್ಟ. ಮಾರನೆಯ ದಿನ ಚನ್ನೇಶ ಬಂದು ತಲೆ ಕೆರೆದುಕೊಂಡು ನಿಂತ.

“ಸಾರ್, ಚೌಕದೊಳಗೆ ಹಿಡೀತಿಲ್ಲ. ಬಾಲ ಆಚೆಗೆ ಬರ್ತಾ ಐತೆ.”

“ಚೌಕ ದೊಡ್ಡದು ಮಾಡೋ.”

“ಮಾಡ್ದೆ ಸಾರ್. ಈಗ ಕೆಂಚರಾಯನ ತಲೆ ಕಾಣ್ತಿಲ್ಲ.”

ಕೊನೆಗೆ ಕಾಂತೇಶ ಅದಕ್ಕೆ ‘ತಪ’ ಎಂದಿಟ್ಟ. ಪ್ರಾಣದ ಪಟ್ಟಿಗೆ ‘ದಮ್ಮು’ ಎಂದಿಟ್ಟ. ಸಾಮಾನು ಹಾಕಿಕೊಳ್ಳುವ ಚೀಲ ‘ಜೋಳಿಗೆ’ ಆಯಿತು. ವೀರ ಒಂದೊಂದೇ ಹಂತ ಬಲಿಯುತ್ತ ಹೋಗುವುದಕ್ಕೆ ‘ಮೆಟ್ಟಿಲು’ ಎಂದಾಯಿತು. ಕೆಂಚರಾಯನ ತಲೆ ಮತ್ತೆ ಕಾಣಿಸಿತು.

ಹೆಸರು ಸುಲಭವಾಗಿಯೇ ಬರುತ್ತಿತ್ತು. ಕಾಂತೇಶನಿಗೆ ಬಾರದೇ ಇದ್ದದ್ದು ಒಂದೇ: ಯಾರನ್ನೂ ಒಂಟಿಯಾಗಿ ಹುಟ್ಟಿಸುವುದು. ಬಾವಿಕಟ್ಟೆಯ ಹತ್ತಿರ ನೀರು ಸೇದುವ ಹೆಂಗಸೊಬ್ಬಳು ಬೇಕು ಎಂದು ಅಕ್ಷತಾ ಕೇಳಿದರೆ, ಕಾಂತೇಶ ಅವಳ ತವರು ಯಾವುದು, ಗಂಡನ ಮನೆಯವರು ಯಾರು, ಓರಗಿತ್ತಿಯ ಜೊತೆ ಮಾತು ಬಿಟ್ಟದ್ದು ಯಾಕೆ ಎಂದೆಲ್ಲ ಬರೆದು ಕೊಡುತ್ತಿದ್ದ. “ಅಣ್ಣ, ಇವ್ಳು ಬರೀ ಹಗ್ಗ ಎಳೀತಾಳೆ ಅಷ್ಟೆ” ಎಂದು ಅಕ್ಷತಾ ನಗುತ್ತಿದ್ದಳು. ರಾಕ್ಷಸನ ಸರದಿ ಬಂದಾಗಲೂ ಹಾಗೇ ಆಯಿತು. ಒಬ್ಬನು ಇನ್ನೊಬ್ಬನ ಊರನ್ನೇ ಸುಡುವಷ್ಟು ಹಗೆ ಇಟ್ಟುಕೊಳ್ಳಬೇಕಾದರೆ ಅವರಿಬ್ಬರೂ ಏನಾಗಿರಬೇಕು? ಕಾಂತೇಶ ಹೆಚ್ಚು ಯೋಚಿಸಲಿಲ್ಲ. ದಾಯಾದಿಗಳು ಎಂದು ಬರೆದ. ಹೊಗೆಮಲ್ಲ ಕೆಂಚರಾಯನ ದೊಡ್ಡಪ್ಪನ ಮಗನಾದ. ಬದುವಿನ ಮೇಲಿದ್ದ ಒಂದು ಹುಣಸೆಮರದ ವಿಷಯಕ್ಕೆ ಎರಡು ಮನೆಗೂ ಕಿತ್ತಾಟವಾಗಿ, ಅವಮಾನಪಟ್ಟ ಹೊಗೆಮಲ್ಲ ಗುಡ್ಡ ಹತ್ತಿ ತಪಸ್ಸಿಗೆ ಕೂತು, ಸಿಟ್ಟಿನಲ್ಲಿ ಉರಿದು ಉರಿದು ಹೊಗೆಯಾಗಿಬಿಟ್ಟ. ಇದೆಲ್ಲ ಊರಿನವರ ಮಾತುಗಳಲ್ಲಿ ಚೂರುಚೂರಾಗಿ ಸಿಗುವಂತೆ ಹಂಚಿಟ್ಟ.

ಅದನ್ನು ಒಬ್ಬರೂ ಓದಲಿಲ್ಲ. ಆಟ ಪರೀಕ್ಷೆ ಮಾಡಲು ಗೂಳೂರು ಕಡೆಯಿಂದ ಬರುತ್ತಿದ್ದ ಕಾಲೇಜು ಹುಡುಗರು, ಆಟದೊಳಗಿನವರು ಯಾರಾದರೂ ಮಾತಿಗೆ ಬಾಯಿ ತೆಗೆದರೆ ಸಾಕು, ಪಟಪಟನೆ ಗುಂಡಿ ಒತ್ತಿ ಮುಂದಕ್ಕೆ ಓಡುತ್ತಿದ್ದರು. ಹೊಗೆಮಲ್ಲನನ್ನು ಕೊಂದು, ಕಿರೀಟ ಎತ್ತಿ, “ಸಖತ್ತಾಗೈತೆ ಅಣ್ಣ” ಎಂದು ಬಜ್ಜಿ ತಿಂದು ಹೋಗುತ್ತಿದ್ದರು. ಸಖತ್ತಾಗಿರುವುದು ಏನು ಎಂದು ಕೇಳಿದರೆ “ತೋಳ” ಎನ್ನುತ್ತಿದ್ದರು. ಕಾಂತೇಶ ಸಂಜೆ ನಿಟ್ಟೂರಿನ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂರುತ್ತಿದ್ದ. ಬಾವಿಕಟ್ಟೆಯ ಹೆಂಗಸಿನ ಓರಗಿತ್ತಿಯ ಕಥೆ ಲೋಕದಲ್ಲಿ ತನ್ನೊಬ್ಬನಿಗೇ ಗೊತ್ತಲ್ಲ ಎಂದು ಸಂಕಟವಾಗುತ್ತಿತ್ತು.

ಹೀಗಿರುವಾಗ ಕಂಪನಿಯ ಪಾಲುದಾರ ಲಕ್ಷ್ಮೀಕಾಂತ್ ಒಂದು ದಿನ ಕುಣಿಗಲ್‌ನಿಂದ ಬಂದವನು ಫೋನು ಮುಂದೆ ಹಿಡಿದ. ಇಂಟರ್‌ನೆಟ್ಟಿನಲ್ಲಿ ಲೋಕಗಳು ರೆಡಿಮೇಡಾಗಿ ಸಿಗುತ್ತವಂತೆ. ಅವನು ನೋಡಿಟ್ಟದ್ದರಲ್ಲಿ ಹಿಮದ ಬೆಟ್ಟ, ರೆಕ್ಕೆಯ ಡ್ರ್ಯಾಗನ್ನು, ಚೂಪು ಕಿವಿಯ ಜನ ಎಲ್ಲ ಇತ್ತು.

“ನೋಡು ಗುರು, ತಗೊಂಡು ಹೆಸ್ರು ಅಂಟಿಸಿದ್ರೆ ಮುಗೀತು. ಈ ಬದು, ಹುಣಸೆಮರ, ದಮ್ಮು, ಜೋಳಿಗೆ ಯಾರಿಗ್ ಬೇಕಯ್ಯಾ? ನಮ್ಮೂರಲ್ಲಿ ಇಲ್ವಾ ಅದು? ದಿನಾ ನೋಡೋದನ್ನೇ ಕಾಸು ಕೊಟ್ಟು ಆಡ್ತಾರಾ?”

“ನಿಮ್ಮೂರಲ್ಲಿ ಹೊಗೆ ಆಗಿರೋ ದಾಯಾದಿ ಇದಾನಾ ಸಾರ್?” ಎಂದ ಕಾಂತೇಶ.

“ಹೊಗೆ ಹಾಕೋ ದಾಯಾದಿಗಳಿದಾರೆ” ಎಂದ ಲಕ್ಷ್ಮೀಕಾಂತ್.

ಗುರುಪ್ರಕಾಶ ಇಬ್ಬರ ನಡುವೆ ನಿಂತು ಒಂದು ದಾರಿ ಹುಡುಕಿದ. ಇಂಥ ಆಟವನ್ನು ಹಿಂದೆ ಆಡದ, ತಮಗ್ಯಾರಿಗೂ ದಾಕ್ಷಿಣ್ಯ ತೋರಿಸದ ಒಬ್ಬರು ಬಂದು ಆಡಲಿ. ಯಾರ ಸಹಾಯವೂ ಇಲ್ಲದೆ ಕಿರೀಟದ ತನಕ ಮುಟ್ಟಿದರೆ ಏಳ್ಕೆರೆ ಉಳಿಯುತ್ತದೆ. ನಡುವೆ ಬೇಸರಪಟ್ಟು ಬಿಟ್ಟೆದ್ದರೆ ಹಿಮದ ಬೆಟ್ಟ. ಲಕ್ಷ್ಮೀಕಾಂತ್ ತೊಡೆ ತಟ್ಟಿ, “ನಮ್ಮವ್ವನ್ನೇ ಕರ್ಕೊಂಡ್ ಬರ್ತೀನಿ. ಆವಮ್ಮ ಯಾರಿಗೂ ದಾಕ್ಷಿಣ್ಯ ತೋರ್ಸೋಳಲ್ಲ” ಎಂದ.

ಭಾನುವಾರ ಬೆಳಿಗ್ಗೆ ಲಕ್ಷ್ಮೀಕಾಂತನ ತಾಯಿ ಮಹಾಲಕ್ಷ್ಮಮ್ಮ ಬಂದರು. ಕೈಯಲ್ಲಿ ಕೋಡುಬಳೆಯ ಡಬ್ಬ, ಕಣ್ಣಿಗೆ ಆಪರೇಷನ್ ಆದ ಮೇಲೆ ಕೊಟ್ಟ ದಪ್ಪ ಕನ್ನಡಕ. ಗುರುಪ್ರಕಾಶನ ಗಾಲಿ ಕುರ್ಚಿಯಲ್ಲಿ ಕೂತ ಕೂಡಲೇ ಅದು ಹಿಂದಕ್ಕೆ ಜಾರಿತು. “ಇದ್ಯಾಕಪ್ಪ ಓಡಿಹೋಯ್ತದೆ?” ಎಂದು ಇಳಿದು, ಪ್ಲಾಸ್ಟಿಕ್ ಕುರ್ಚಿ ಎಳೆಸಿಕೊಂಡು ಕೂತರು. ಫೋನಿನಲ್ಲಿ ಮಿಠಾಯಿ ಒಡೆಯುವ ಆಟ ಆಡಿ ಆಡಿ ಅವರ ಹೆಬ್ಬೆರಳು ಪಳಗಿತ್ತು. ಚನ್ನೇಶ ಕೈಗೆ ಕೊಟ್ಟ ಗುಂಡಿಗಳ ಪೆಟ್ಟಿಗೆಯನ್ನು ಎರಡು ಸಲ ತಿರುಗಿಸಿ ನೋಡಿದರು, ಅಷ್ಟೆ. ಕೆಂಚರಾಯ ಕುದುರೆ ಹತ್ತಿ ಹೊರಟ.

“ಈ ಕುದ್ರೆ ಯಾರವ್ವ ಬರ್ದಿದ್ದು?”

“ನಾನೇ ಅಜ್ಜಿ” ಎಂದಳು ಅಕ್ಷತಾ.

“ಒಂದ್ಸಲ ಕುಣಿಗಲ್‌ಗೆ ಬಾ ಮಗ. ಕುದ್ರೆ ತೋರುಸ್ತೀನಿ.”

ಊರೊಳಗೆ ಬಂದದ್ದೇ ಮಹಾಲಕ್ಷ್ಮಮ್ಮ ಕುದುರೆಯಿಂದಿಳಿದು ಎದುರಿಗೆ ಸಿಕ್ಕ ಒಬ್ಬೊಬ್ಬರನ್ನೂ ಮಾತಾಡಿಸತೊಡಗಿದರು. ಪರದೆಯ ಮೇಲೆ ಮೂಡುವ ಮಾತನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಜೋರಾಗಿ ಓದಿದರು. ಒಂದು ಸುತ್ತು ಮಾತು ಮುಗಿದರೆ ಮತ್ತೆ ಮಾತಾಡಿಸಿ ಇನ್ನೇನಾದರೂ ಹೇಳುತ್ತಾರಾ ಎಂದು ಕಾದರು. ಬಾವಿಕಟ್ಟೆಯ ಹೆಂಗಸಿನ ಕಥೆ ಕೇಳಿ, “ಓರಗಿತ್ತಿದೇ ತಪ್ಪು. ಹಬ್ಬದ ದಿನ ಅಂಗನ್ಬೋದಾ?” ಎಂದು ಲೊಚಗುಟ್ಟಿದರು. ಕಾಂತೇಶ ಗೋಡೆಗೆ ಒರಗಿ ನಿಂತಿದ್ದ. ತಾನು ಬರೆದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಗಾಣದ ಮನೆಯ ಮುದುಕ ಹುಣಸೆಮರದ ಜಗಳ ಹೇಳಿದಾಗ ಅವರು ಆಟ ನಿಲ್ಲಿಸಿ ಹಿಂದಕ್ಕೆ ತಿರುಗಿದರು.

“ಆ ಮರ ಯಾವ ಕಡೀಕೆ ವಾಲಿತ್ತಪ್ಪ?”

“ಮೂಡಗಡೀಕೆ ಅಮ್ಮ” ಎಂದ ಕಾಂತೇಶ. ಅದನ್ನೂ ಬರೆದಿಟ್ಟಿದ್ದ ಅವನು.

“ಹೊಗೆಮಲ್ಲನ ಹೊಲ ಯಾವ ಕಡೆ?”

“ಮೂಡಗಡೇನೇ.”

“ಹಂಗಾದ್ರೆ ನ್ಯಾಯ ಅವಂದೇ ಬುಡು. ಆದ್ರೆ ಊರು ಸುಡಬಾರ್ದಿತ್ತು.”

ಸಹಾಯ ಮಾಡುವ ಹಾಗಿಲ್ಲ ಎಂದು ಲಕ್ಷ್ಮೀಕಾಂತ್ ಗೊಣಗಿದ. ಮಗನ ಕೈಗೊಂದು ಕೋಡುಬಳೆ ಕೊಟ್ಟು ಸುಮ್ಮನಿರಿಸಿ ಅವರು ಗುಡ್ಡ ಹತ್ತಿದರು.

ಹೊಗೆಮಲ್ಲನ ಎದುರು ಹೋದ ಮೇಲೂ ಅವರು ಮೊದಲು ಒತ್ತಿದ್ದು ಮಾತಿನ ಗುಂಡಿಯನ್ನೇ. ಅವನು ಬೈದ. ಇನ್ನೊಮ್ಮೆ ಒತ್ತಿದರು. ಮತ್ತೆ ಬೈದ. “ಸರಿ ಕಣಪ್ಪ, ಹೇಳಿದ್ದಾಯ್ತು” ಎಂದು ಕತ್ತಿ ಹಿರಿದರು ನೋಡಿ, ಆ ಹೆಬ್ಬೆರಳಿನ ಓಟಕ್ಕೆ ಚನ್ನೇಶ ಬಾಯಿ ಬಿಟ್ಟ. ಹೊಗೆ ಚದುರಿತು, ದಮ್ಮಿನ ಪಟ್ಟಿ ಬರಿದಾಯಿತು, ರಾಕ್ಷಸ ಬಂಡೆಯ ಮೇಲೆ ಬಿದ್ದು ಬೂದಿಯಾದ. ಗುರುಪ್ರಕಾಶ ಚಪ್ಪಾಳೆ ತಟ್ಟಿದ. ಅಕ್ಷತಾ ಶಿಳ್ಳೆ ಹಾಕಿದಳು. ಎದುರಿಗೇ ಗುಡಿ, ತೆರೆದ ಬಾಗಿಲು, ಒಳಗೆ ಹೊಳೆಯುವ ಕಿರೀಟ.

ಮಹಾಲಕ್ಷ್ಮಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು.

“ಎಷ್ಟೇ ಆಗ್ಲಿ ದೊಡ್ಡಪ್ಪನ ಮಗ. ಪಾಪ.”

“ಹೂಂ ಅಮ್ಮ, ಈಗ ಗುಡಿಯೊಳಗೆ ಹೋಗಿ” ಎಂದ ಗುರುಪ್ರಕಾಶ, ನಿಯಮ ಮರೆತು.

“ಯಾವ ಗುಡಿಗಪ್ಪ? ಸೂತಕ ಅಲ್ವಾ?”

ಮತ್ತೊಂದು ಶಿಳ್ಳೆಗೆ ಬೆರಳೆತ್ತಿದ್ದ ಅಕ್ಷತಾ ಕೈ ಇಳಿಸಿದಳು.

“ಅಮ್ಮ, ಅದು ಆಟ” ಎಂದ ಚನ್ನೇಶ.

“ಆಟ ಅಂತ ನಂಗೂ ಗೊತ್ತು ಕಣೋ. ಆದ್ರೆ ಈ ಹುಡ್ಗ ಆ ಊರಾಗೇ ಬಾಳ್ಬೇಕಲ್ಲ? ದಾಯಾದಿ ಸತ್ತವ್ನೆ. ಅದೂ ಇವ್ನ ಕೈಲೇ. ಹನ್ನೊಂದನೇ ದಿನ ಶುದ್ಧಿಯಾಗದೆ ಮೆಟ್ಲು ಹತ್ತಿದ್ರೆ ಆ ಬಾವಿಕಟ್ಟೆಯವಳು ಸುಮ್ಕಿರ್ತಾಳಾ? ಊರಿಗೆಲ್ಲ ಸಾರ್ತಾಳೆ.”

ಗುರುಪ್ರಕಾಶ ಮೇಜಿನ ಹತ್ತಿರ ಬಂದು ಬಹಳ ವಿನಯದಿಂದ, “ನೋಡಿ ಅಮ್ಮ, ನಮ್ಮಲ್ಲಿ ಸೂತಕಗೀತಕ ಇಲ್ಲ. ಲಿಂಗ ಕಟ್ಟಿದವರಿಗೆ ಅದೇನೂ ತಟ್ಟಲ್ಲ” ಎಂದ.

“ನಿಮ್ಮಲ್ಲಿಲ್ಲ, ಒಪ್ದೆ. ಇವ್ನು ಲಿಂಗ ಕಟ್ಟವ್ನಾ?”

ಎಲ್ಲರೂ ಪರದೆ ನೋಡಿದರು. ಕೆಂಚರಾಯ ಬರಿ ಎದೆಯಲ್ಲಿ ನಿಂತು ಗಾಳಿಗೆ ಕೂದಲು ಹಾರಿಸುತ್ತಿದ್ದ. ಕತ್ತಿನಲ್ಲಿ ಒಂದು ತೋಳದ ಹಲ್ಲು ಬಿಟ್ಟು ಇನ್ನೇನೂ ಇರಲಿಲ್ಲ. ಗುರುಪ್ರಕಾಶ ಅಕ್ಷತಾಳ ಕಡೆ ತಿರುಗಿದ.

“ನನ್ನ ನೋಡಿದ್ರೆ? ಹಲ್ಲೇ ಬೇಕು ಅಂದಿದ್ದು ನೀವೇ ಸಾರ್” ಎಂದಳು ಅವಳು.

ಲಕ್ಷ್ಮೀಕಾಂತನ ಮುಖ ಅರಳಿತ್ತು. “ಆಯ್ತಲ್ಲ ಗುರು. ಮುಗೀಲಿಲ್ಲ. ಡ್ರ್ಯಾಗನ್ ತರ್ಸು.”

ಚನ್ನೇಶ ಮೆಲ್ಲಗೆ ಕಾಂತೇಶನ ಪಕ್ಕ ಸರಿದು, “ಅಣ್ಣ, ಒಂದೇ ಒಂದ್ ಮಾತು ಹೇಳ್ಬಿಡಿ. ದಾಯಾದಿ ಅಲ್ಲ, ತಪ್ಪಿ ಬರ್ದಿದ್ದೆ ಅಂತ. ಬದುಕ್ಕೊಂತೀವಿ” ಎಂದ.

ಕಾಂತೇಶ ಯೋಚಿಸಿದ. ಒಂದು ಸುಳ್ಳಿಗೆ ಏಳ್ಕೆರೆ ಉಳಿಯುವುದಾದರೆ ಹೇಳಬಹುದು. ಇಡೀ ಸೀಮೆಯನ್ನು ಓದಿದ ಒಬ್ಬರೇ ಒಬ್ಬರು, ಓದಿದ್ದರಿಂದಲೇ ಹೊಸ್ತಿಲ ಆಚೆ ನಿಂತುಬಿಟ್ಟಿದ್ದರು. ಅವನು ಕೆಮ್ಮಿ, “ಅಮ್ಮ, ಅದು... ಅವರಿಬ್ರೂ ಅಂಥಾ ಹತ್ರದ ಸಂಬಂಧ ಏನಲ್ಲ” ಎಂದು ತೊದಲಿದ.

ಮಹಾಲಕ್ಷ್ಮಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. “ಬದುಕಿದ್ದಾಗ ದೊಡ್ಡಪ್ಪನ ಮಗ, ಸತ್ತ ಮೇಲೆ ಸಂಬಂಧ ಇಲ್ಲ. ಯಾವೂರಪ್ಪ ನಿಂದು?”

“ನಿಟ್ಟೂರು.”

“ನಿಟ್ಟೂರಲ್ಲಿ ಹಂಗೆ ನಡೀತದಾ?”

“ಇಲ್ಲ ಅಮ್ಮ” ಎಂದ ಕಾಂತೇಶ. “ದೊಡ್ಡಪ್ಪನ ಮಗನೇ. ಸೂತಕ ಐತೆ.”

ಚನ್ನೇಶ ತಲೆ ಮೇಲೆ ಕೈ ಇಟ್ಟುಕೊಂಡು ನೆಲದ ಮೇಲೆ ಕೂತ. ಲಕ್ಷ್ಮೀಕಾಂತ್ ಕಾರಿನ ಬೀಗದಕೈ ತೆಗೆದ. ಆದರೆ ಅವನ ತಾಯಿ ಏಳಲಿಲ್ಲ. ಕೋಡುಬಳೆ ಮುರಿಯುತ್ತ ಪರದೆಯನ್ನೇ ನೋಡುತ್ತಿದ್ದರು.

“ಈ ಹುಡ್ಗಂಗೆ ತಾಯಿ ಕಡೆಯವ್ರು ಯಾರೂ ಇಲ್ವಾ? ಅವ್ರಿಗೆ ಸೂತಕ ಇಲ್ಲ ನೋಡು.”

“ಸೋದರಮಾವ ಇದಾನೆ” ಎಂದ ಕಾಂತೇಶ ತಟ್ಟನೆ. “ತೋಪಯ್ಯ ಅಂತ. ಕೆಳಗಲ ಬೀದಿ ಜಗಲಿ ಮೇಲೆ ಕೂತಿರ್ತಾನೆ. ಮಂಡಿನೋವು.”

“ಅವ್ನು ನಡೀತಾನಾ?”

ಈಗ ಎಲ್ಲರೂ ಚನ್ನೇಶನನ್ನು ನೋಡಿದರು. ಅವನು ನೆಲದಿಂದಲೇ ಉತ್ತರ ಕೊಟ್ಟ. “ಮಾತಾಡ್ಸಿ ಒಪ್ಪಿಸಿದ್ರೆ ಯಾರ್ ಬೇಕಾದ್ರೂ ಜೊತೆಗೆ ಬರ್ತಾರೆ. ಆಮೇಲೆ ಹಳದಿ ಗುಂಡಿ ಒತ್ತಿದ್ರೆ ಇವ್ನನ್ನ ಬಿಟ್ಟು ಅವ್ರನ್ನ ಆಡ್ಬೋದು. ಕಾಡಿನ ಬಿಲ್ಲುಗಾರ್ತಿಗೆ ಅಂತ ಮಾಡಿದ್ದು. ತೋಪಯ್ಯನ್ನ ಯಾರೂ ಕೇಳೇ ಇಲ್ಲ.”

“ನಾನು ಕೇಳ್ತೀನಿ.”

ಕೆಂಚರಾಯ ಗುಡ್ಡ ಇಳಿದ. ಜಗಲಿಯ ಮೇಲೆ ಬೆಳ್ಳಗಿನ ಮೀಸೆಯ ತೋಪಯ್ಯ ಮಡಚಿದ ಕೊಡೆ ಹಿಡಿದು ಕೂತಿದ್ದ. ಮಹಾಲಕ್ಷ್ಮಮ್ಮ ಅವನ ಮಂಡಿನೋವಿನ ಕಥೆಯನ್ನು ಕೊನೆಯ ತನಕ ಕೇಳಿದರು. ಕೇಳಿಸಿಕೊಂಡದ್ದಕ್ಕೆ ಅವನು ಎದ್ದು ನಿಂತ. ಅವರು ಕೆಂಚರಾಯನನ್ನು ಅದೇ ಜಗಲಿಯ ಮೇಲೆ ಕೂರಿಸಿ, “ಏನೂ ಮುಟ್ಬ್ಯಾಡ, ಸುಮ್ಕೆ ಕೂತಿರು ಮಗ” ಎಂದು ಹಳದಿ ಗುಂಡಿ ಒತ್ತಿದರು.

ಇನ್ನು ಆ ನಡಿಗೆ. ತೋಪಯ್ಯನಿಗೆ ಓಡಲು ಬರುತ್ತಿರಲಿಲ್ಲ. ಕುದುರೆ ಹತ್ತಲು ಬರುತ್ತಿರಲಿಲ್ಲ. ಹತ್ತು ಮಾರು ನಡೆದರೆ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದ. “ಯಾಕೆ ಇಷ್ಟು ಚೆನ್ನಾಗಿ ಮಾಡಿದ್ಯೋ” ಎಂದು ಗುರುಪ್ರಕಾಶ ಚನ್ನೇಶನಿಗೆ ಬೈದ. ಕಾಡಿನ ಅಂಚು ಬರುವಷ್ಟರಲ್ಲಿ ಲಕ್ಷ್ಮೀಕಾಂತ್ ಕೆಳಗೆ ಹೋಗಿ ಎಲ್ಲರಿಗೂ ಟೀ ಹೇಳಿ ವಾಪಸು ಬಂದಿದ್ದ. ಆಗ ಕೆಂಡದ ಬಾಯಿಯ ತೋಳಗಳು ಎದ್ದವು.

“ಕತ್ತಿ ಎಲ್ಲೈತೆ ಇವಂಗೆ?” ಎಂದರು ಮಹಾಲಕ್ಷ್ಮಮ್ಮ.

ಇರಲಿಲ್ಲ. ಬಿಲ್ಲಿಲ್ಲ, ತಪವಿಲ್ಲ, ದಮ್ಮು ಒಂದು ಕೋಳಿಗಿರುವಷ್ಟು. ಕಾಂತೇಶ ಕಣ್ಣು ಮುಚ್ಚಿಕೊಂಡ. ಅವನಿಗೆ ತಾನು ತೋಪಯ್ಯನಿಗೆ ಕೊಟ್ಟದ್ದು ಒಂದೇ ಮಾತು ಎಂದು ನೆನಪಿತ್ತು. ಹೊಸ ಮುಖ ಯಾರು ಕಂಡರೂ ಅವನು ಕೇಳುವುದು ಅದನ್ನೇ. ಮಹಾಲಕ್ಷ್ಮಮ್ಮ ಗಾಬರಿಯಲ್ಲಿ ಮಾತಿನ ಗುಂಡಿ ಒತ್ತಿದರು. ತೋಪಯ್ಯ ಕೊಡೆಯನ್ನು ತೋಳದ ಮೂತಿಗೆ ಚಾಚಿ ಗದರಿಸಿದ:

“ಲೇ, ಯಾರ ಮಗನ್ಲಾ ನೀನು?”

ತೋಳ ಒಂದು ಕಾಲು ಎತ್ತಿದಂತೆಯೇ ನಿಂತುಬಿಟ್ಟಿತು.

“ಅಯ್ಯೋ” ಎಂದ ಚನ್ನೇಶ. “ಯಾರಾದ್ರೂ ಮಾತಾಡೋವಾಗ ಬೇರೆ ಎಲ್ಲಾ ನಿಲ್ಲಬೇಕು ಅಂತ ಮಾಡಿದ್ದೆ. ಓದೋಕೆ ಟೈಮ್ ಸಿಗ್ಲಿ ಅಂತ. ತೋಪಯ್ಯ ಮಾತಾಡ್ತಾನೇ ನಡೆಯೋ ಗಿರಾಕಿ, ಮಾತಾಡೋವಾಗ ಅವನ ಕಾಲೊಂದು ನಿಲ್ಲಲ್ಲ.”

ಮಾತು ಮುಗಿದದ್ದೇ ತೋಳ ಮತ್ತೆ ನೆಗೆಯಲು ಹೊರಟಿತು. ಹೆಬ್ಬೆರಳು ಕೆಳಗಿಳಿಯಿತು. “ಯಾರ ಮಗನ್ಲಾ ನೀನು?” ನಿಂತಿತು. ಹೀಗೆ ತೋಪಯ್ಯ ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಇಡೀ ಕಾಡಿನ ತೋಳಗಳನ್ನು ಅಪ್ಪನ ಹೆಸರು ಕೇಳುತ್ತ ಕೇಳುತ್ತ ದಾಟಿದ. ಹಿಂದೆ ಅವು ಕಾಲೆತ್ತಿಕೊಂಡು, ಮೂತಿ ತಗ್ಗಿಸಿಕೊಂಡು ಸಾಲಾಗಿ ನಿಂತಿದ್ದವು. ಅಕ್ಷತಾ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ವೈಂಡಿಂಗ್ ಅಂಗಡಿಯ ಗಂಗಣ್ಣ ಟೀ ಲೋಟ ಹಿಡಿದು ಮೇಲೆ ಬಂದವನು ಇಳಿದು ಹೋಗಲೇ ಇಲ್ಲ. ಲಕ್ಷ್ಮೀಕಾಂತನೂ, “ಎಡಗಡೆ ಅವ್ವ, ಎಡಗಡೆ ಇನ್ನೊಂದೈತೆ, ಕೇಳು ಅದನ್ನೂ” ಎಂದು ಕೂಗಿಬಿಟ್ಟ. ಕೂಗಿದ ಮೇಲೆ ತನ್ನ ಕಡೆ ಯಾವುದೆಂದು ಜ್ಞಾಪಿಸಿಕೊಂಡು ಟೀ ಹೀರಿದ.

ತೋಪಯ್ಯ ಗುಡಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಕಿರೀಟ ಎತ್ತಿದ. ಕಹಳೆ ಮೊಳಗಿತು, ಆಕಾಶದಿಂದ ಹೂವು ಉದುರಿತು. ಚನ್ನೇಶ ಯಾರು ಎತ್ತಿದರೂ ಎತ್ತಿದವರ ತಲೆಗೇ ಅದು ಏರುವಂತೆ ಮಾಡಿದ್ದರಿಂದ ಕಿರೀಟ ತೋಪಯ್ಯನ ತಲೆಗೇ ಏರಿತು. ಪರದೆಯ ತುಂಬ ಚಿನ್ನದ ಅಕ್ಷರ ಮೂಡಿತು: ಏಳ್ಕೆರೆ ಸೀಮೆಯ ನೂತನ ಅರಸ ತೋಪಯ್ಯನಿಗೆ ಜಯವಾಗಲಿ. ಮೊದಲನೇ ಭಾಗ ಮುಗಿಯಿತು.

“ಇದು ಲೆಕ್ಕಕ್ಕಿಲ್ಲ” ಎಂದ ಲಕ್ಷ್ಮೀಕಾಂತ್. “ಹೀರೋ ಜಗಲಿ ಮೇಲೆ ಕೂತವ್ನೆ!”

“ಮುಗೀತು ಅಂತ ಬರ್ದೈತಲ್ಲೋ. ಓದು.”

“ಅಲ್ಲವ್ವ, ಸೂತಕ ಕಳೆದ ಮೇಲೆ ಹುಡ್ಗ ಬಂದು ಕೇಳಿದ್ರೆ ಈ ಮಾವ ಕಿರೀಟ ವಾಪಸ್ ಕೊಡ್ತಾನಾ?”

“ಯಾಕ್ ಕೊಡಲ್ಲ?”

“ಯಾಕ್ ಕೊಡ್ತಾನೆ? ನಿನ್ ತಮ್ಮ ನಮ್ ತೋಟದ ಪಂಪ್‌ಮನೆ ಬೀಗದಕೈ ಇನ್ನೂ ಕೊಟ್ಟಿಲ್ಲ!”

“ನನ್ ತಮ್ಮನ ಸುದ್ದಿ ಎತ್ಬ್ಯಾಡ.”

“ಎತ್ತದೆ? ಕಾಂತೇಶ, ನೀನು ಹೇಳಯ್ಯ. ತೋಪಯ್ಯ ಕೊಡ್ತಾನೋ ಇಲ್ವೋ?”

ಕಾಂತೇಶನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. “ಮಂಡಿನೋವು ಹೇಳ್ಕೊಂಡು ಸ್ವಲ್ಪ ದಿನ ತಳ್ಳಬೋದು ಸಾರ್” ಎಂದ.

“ನೋಡ್ದಾ! ತಳ್ತಾನೆ!” ಲಕ್ಷ್ಮೀಕಾಂತ್ ಎದ್ದು ಓಡಾಡತೊಡಗಿದ. “ಹೆಂಡ್ತಿ ಹೇಳಿಕೊಡ್ತಾಳೆ ಅವಂಗೆ. ಗುರು, ಆ ಹಿಮದ ಊರಲ್ಲಿ ಸೋದರಮಾವ ಯಾರಾದ್ರೂ ಇದಾನಾ ನೋಡು.”

ಗುರುಪ್ರಕಾಶ ಫೋನಿನಲ್ಲಿ ಬೆರಳು ಆಡಿಸಿದ. ಡ್ರ್ಯಾಗನ್ನುಗಳಿದ್ದವು, ಚೂಪು ಕಿವಿಯ ರಾಜಕುಮಾರಿ ಇದ್ದಳು, ಮಂಜಿನ ದೈತ್ಯರಿದ್ದರು. ಯಾರಿಗೂ ಯಾರೂ ಇರಲಿಲ್ಲ.

“ಇಲ್ಲ ಕಣೋ.”

“ಹಂಗಾದ್ರೆ ಬ್ಯಾಡ ಬುಡು ಅದು” ಎಂದ ಲಕ್ಷ್ಮೀಕಾಂತ್. “ಎರಡನೇ ಭಾಗ ಬೇಗ ಬರಿಯಪ್ಪ ಕಾಂತೇಶ. ಆ ಮಾವನ್ನ ಮಾತ್ರ ಸುಮ್ನೆ ಬಿಡಬ್ಯಾಡ.”

ಕಾಂತೇಶ ಆಗಲೇ ಪೆನ್ನು ಹುಡುಕತೊಡಗಿದ್ದ. ಲಕ್ಷ್ಮೀಕಾಂತ್ ಕೆಳಗಿಳಿದು ಕಾರು ತಿರುಗಿಸಿ ಹಾರನ್ ಮಾಡಿದ. ಮಹಾಲಕ್ಷ್ಮಮ್ಮ ಕೋಡುಬಳೆ ಡಬ್ಬ ಮುಚ್ಚಿ ಎದ್ದವರು ಬಾಗಿಲ ಹತ್ತಿರ ನಿಂತರು.

“ಆ ಹೊಗೆಮಲ್ಲಂಗೆ ಹೆಂಡ್ತಿ ಮಕ್ಕಳು ಅವ್ರಾ?”

ಗುಡ್ಡದ ಹಿಂದಿನ ಕಣಿವೆಯಲ್ಲಿ ಒಂದು ಮನೆ ಇತ್ತು. ಆಟ ಮುಗಿಸಲು ಅಲ್ಲಿಗೆ ಹೋಗುವ ಅಗತ್ಯವೇ ಇರಲಿಲ್ಲವಾದ್ದರಿಂದ ಯಾರೂ ಆ ಕಡೆ ಹೋದವರಲ್ಲ. ಆದರೆ ಕಾಂತೇಶ ಆ ಮನೆಯ ಒಲೆಯ ಮುಂದೆ ಒಬ್ಬ ಹೆಂಗಸನ್ನು ಕೂರಿಸಿ, ಅವಳಿಗೂ ಮಾತು ಬರೆದಿದ್ದ.

“ಅವ್ರೆ ಅಮ್ಮ. ಹೆಂಡ್ತಿ, ಒಂದ್ ಹೆಣ್ಣುಮಗು.”

“ಮತ್ತೆ ಅವ್ರಿಗೆ ಯಾರು ಹೇಳಿ ಕಳ್ಸಿದ್ರಿ?”

ಕೆಳಗಿನಿಂದ ಇನ್ನೊಂದು ಹಾರನ್ ಕೇಳಿಸಿತು. ಮಹಾಲಕ್ಷ್ಮಮ್ಮ ಕಿಟಕಿಯಿಂದ ಬಗ್ಗಿ, “ಬರ್ತೀನಿ ಇರೋ, ಸಾವಿನ ಸುದ್ದಿ ಮುಟ್ಟಿಸ್ಬೇಕು” ಎಂದು ಕೂಗಿ ಹೇಳಿದರು. ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು. ಮಹಾಲಕ್ಷ್ಮಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತು, ಕಿರೀಟ ಹೊತ್ತ ತೋಪಯ್ಯನನ್ನು ಗುಡ್ಡದ ಹಿಂದಿನ ದಾರಿಗೆ ತಿರುಗಿಸಿದರು. ಕಾಂತೇಶ ಇನ್ನೊಂದು ಕುರ್ಚಿ ತಂದು ಅವರ ಪಕ್ಕದಲ್ಲಿ ಹಾಕಿಕೊಂಡ.